ಬೀಸುವ ಕಲ್ಲಿಗೆ ಬೇರಿಂಗ್ ಹಾಕಿದ ಮಾವ

ಪೀಣ್ಯದಲ್ಲಿ ಅತಿ ಹೆಚ್ಚು ಡಾಕ್ಟರುಗಳನ್ನು ತಯಾರು ಮಾಡಿದವರು ಯಾರು ಅಂತ ಕೇಳಿದರೆ ನಾನು ನಮ್ಮ ಮಾವ ಅನ್ನುತ್ತೇನೆ. ನಗಬೇಡಿ! ಮಾವ ಓದಿರುವುದು ನಾಲ್ಕನೇ ಕ್ಲಾಸು. ಇಟ್ಟುಕೊಂಡಿರುವುದು ಒಂದು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್ನು. ಶೆಡ್ಡು ಎಷ್ಟು ಚಿಕ್ಕದೆಂದರೆ, ಒಳಗೆ ಒಬ್ಬರು ಸೀನಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. ಆದರೂ ಅಲ್ಲಿಗೆ ಬಂದು ಹೋದವರೆಲ್ಲ ಎರಡು ಮೂರು ವರ್ಷದಲ್ಲಿ ಹೆಸರಿಗೆ ಡಾ. ಅಂಟಿಸಿಕೊಂಡು ಓಡಾಡುತ್ತಾರೆ. ಒಬ್ಬಳು ಮಾತ್ರ ಡಾಕ್ಟರ್ ಆಗದೆ ಹೋಗುವುದರಲ್ಲಿದ್ದಳು. ಅದೂ ನಮ್ಮ ಮಾವನಿಂದಲೇ! ಅವಳ ನಾಲ್ಕು ವರ್ಷದ ಓದು ಒಂದು ಬೇರಿಂಗಿನಲ್ಲಿ ಸಿಕ್ಕಿಹಾಕಿಕೊಂಡ ಕತೆಯನ್ನೇ ಹೇಳಲು ಕೂತಿದ್ದೇನೆ. ಅದಕ್ಕೆ ಮೊದಲು ಮಾವ ಎಂಥವರು ಅಂತ ಗೊತ್ತಾಗಬೇಕು.

ನಮ್ಮ ಸುತ್ತಮುತ್ತಲ ಶೆಡ್ಡುಗಳಲ್ಲಿ ಒಂದೇ ಸಾಮಾನನ್ನು ಸಾವಿರಗಟ್ಟಲೆ ಮಾಡುತ್ತಾರೆ. ಸಾವಿರ ಬುಷ್, ಸಾವಿರ ಪಿನ್, ಸಾವಿರ ವಾಷರ್. 'ಒಂದೇ ಒಂದು ಬೇಕಿತ್ತು' ಅಂದವರನ್ನು ಗೇಟಿನಲ್ಲೇ ಓಡಿಸುತ್ತಾರೆ. ರಿಸರ್ಚ್ ಮಾಡುವವರಿಗೆ ಬೇಕಾಗುವುದು ಯಾವಾಗಲೂ ಒಂದೇ ಒಂದು. ಅದೂ ಅಂಗಡಿಯಲ್ಲಿ ಸಿಗದ್ದು, ಯಾರೂ ಕೇಳರಿಯದ್ದು! ಪಾಪ, ಹತ್ತು ಕಡೆ ಬೈಸಿಕೊಂಡು ಕೊನೆಗೆ ನಮ್ಮ ಶೆಡ್ಡಿಗೆ ಬರುತ್ತಾರೆ.

ಮೊದಲು ಬಂದವನು ಕಪ್ಪೆಯವನು. ಮೆಷಿನ್ನಿಗೆ ಕಟ್ಟಿ ಕೊರೆಯುವ ಸಾಮಾನಿಗೆ ನಾವು ಜಾಬ್ ಅನ್ನುತ್ತೇವೆ. ಮಾವ ಅವನನ್ನು ಕೇಳಿದರು:

"ಜಾಬ್ ಇದ್ಯಾ?"

ಹುಡುಗ ತಲೆ ತಗ್ಗಿಸಿದ. "ಇನ್ನೂ ಇಲ್ಲ ಸಾರ್. ಪಿಎಚ್‌ಡಿ ಮುಗಿದ್ಮೇಲೆ ನೋಡ್ಬೇಕು."

"ಜಾಬ್ ಇಲ್ದೆ ಇಲ್ಲಿಗ್ಯಾಕಪ್ಪಾ ಬಂದೆ?"

"ಮನೇಲೂ ಇದನ್ನೇ ಕೇಳ್ತಾರೆ ಸಾರ್."

ಅಳುವುದೊಂದು ಬಾಕಿ. ನಾನೇ ಮಧ್ಯೆ ಹೋಗಿ ಜಾಬ್ ಅಂದರೆ ಏನು ಅಂತ ಬಿಡಿಸಿ ಹೇಳಿದೆ. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಚೀಲದಿಂದ ಡ್ರಾಯಿಂಗ್ ತೆಗೆದು ಮಾವನ ಕೈಗಿಟ್ಟು, "ಇದೆ ಸಾರ್, ಜಾಬ್ ಇದೆ!" ಅಂತ ಕೂಗಿದ. ಪಕ್ಕದ ಶೆಡ್ಡಿನವರು ಸ್ವೀಟ್ ಕೇಳಲು ಬಂದರು.

ಕೆರೆ ಬದಿಯಲ್ಲಿ ಮೈಕ್ ಇಡಲು ನೀರು ಹೋಗದ ಒಂದು ಡಬ್ಬಿ, ಅಷ್ಟೇ ಕೆಲಸ. ಮಾಡಿಕೊಟ್ಟು ಕಳಿಸಬಹುದಿತ್ತು. ಆದರೆ ಮಾವನಿಗೊಂದು ಕಾಯಿಲೆ ಇದೆ. ಸಾಮಾನು ಯಾಕೆ ಬೇಕು ಅಂತ ಬಂದವರು ಹೇಳದ ಹೊರತು ಕೆಲಸ ಮುಟ್ಟುವುದಿಲ್ಲ. ಅದೂ ಲೇತಿನ ಪಕ್ಕ ನಿಂತು, ಕನ್ನಡದಲ್ಲಿ, ಮಾವನಿಗೆ ಅರ್ಥವಾಗುವ ಹಾಗೆ ಹೇಳಬೇಕು. ಹುಡುಗ ಬೆವರೊರೆಸಿಕೊಂಡು ಹೇಳಿದ. ಒಂದೇ ಕೆರೆಯಲ್ಲಿ ನಾಲ್ಕೈದು ಜಾತಿ ಕಪ್ಪೆ ಇರುತ್ತವಂತೆ. ಒಂದರ ಕೂಗು ಇನ್ನೊಂದಕ್ಕೆ ಅಡ್ಡ ಬರದಂತೆ ಹೇಗೆ ಕೂಗುತ್ತವೆ ಅಂತ ಅವನು ಕೇಳಿಸಿಕೊಳ್ಳಬೇಕಂತೆ.

"ಅಂದ್ರೆ ಒಬ್ರು ಮಾತಾಡ್ವಾಗ ಇನ್ನೊಬ್ರು ಮಧ್ಯ ಬಾಯಿ ಹಾಕಲ್ಲ?"

"ಹೆಚ್ಚು ಕಮ್ಮಿ ಹಾಗೇ ಸಾರ್."

"ಲೋ, ನಮ್ಮ ಶೆಡ್ಡುಗಳ ಸಂಘದ ಮೀಟಿಂಗಿಗೆ ಇನ್ಮೇಲೆ ಕಪ್ಪೆಗಳನ್ನ ಕರ್ಯೋಣ ಕಣೋ!"

ಅಷ್ಟು ಹೊತ್ತಿಗೆ ನಮಗೆ ಕಾಯಂ ಕೆಲಸ ಕೊಡುವ ಕಂಪನಿಯ ಸೂಪರ್‌ವೈಸರ್ ಬಂದು ಬುಷ್ ಎಲ್ಲಿ ಅಂತ ನಿಂತ. ಮಾವ ತಿರುಗಿಯೂ ನೋಡದೆ, "ಕಪ್ಪೆ ನಡೀತಾ ಇದೆ, ಸಾಯಂಕಾಲ ಬಾ" ಅಂದರು. ಅವನು ನನ್ನ ಮುಖ ನೋಡಿದ.

"ಈ ಓದೋರಿಗೆಲ್ಲ ಬೇರೆ ಕೆಲ್ಸ ಇಲ್ವಾ ಮಾವ?" ಅಂತ ನಾನು ಆವತ್ತು ಕೇಳಿಯೇಬಿಟ್ಟೆ.

"ಬುಷ್ ಮಾಡೋಕೆ ಪೀಣ್ಯದಲ್ಲಿ ಬೇಕಾದಷ್ಟು ಜನ ಅವ್ರೆ ಮಗಾ. ಕಪ್ಪೆ ಮಾತು ಕೇಳೋಕೆ ಇವನೊಬ್ಬ ಅವ್ನೆ. ಇವ್ನನ್ನೂ ಓಡಿಸ್ಬಿಟ್ರೆ?"

ಅಲ್ಲಿಂದ ಶುರುವಾಯಿತು ನೋಡಿ. ಕಪ್ಪೆಯವನು ಹಾಸ್ಟೆಲಿನಲ್ಲಿ ಹೋಗಿ ಹೇಳಿದನಂತೆ. ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಎಲ್ಲರ ಬಾಯಲ್ಲೂ 'ಗೈಡ್ ಬೈತಾರೆ, ಗೈಡ್ ಬೈತಾರೆ' ಅನ್ನುವ ಒಂದೇ ರಾಗ. ಗೈಡ್ ಅಂದರೆ ರಿಸರ್ಚ್ ಮಾಡಿಸುವ ಪ್ರೊಫೆಸರು ಅಂತ ಆಮೇಲೆ ಗೊತ್ತಾಯಿತು. ಆಗ ನನಗೆ ಗೊತ್ತಿದ್ದ ಗೈಡು ಪರೀಕ್ಷೆಗೆ ಮುಂಚೆ ಅಂಗಡಿಯಲ್ಲಿ ಕೊಳ್ಳುವ ದಪ್ಪ ಪುಸ್ತಕ. ಒಂದು ದಿನ ತಡೆಯಲಾರದೆ ಹೇಳಿದೆ: "ನಿಮ್ಮ ಗೈಡು ಬರೀ ಬೈತದೆ ತಾನೆ ಸಾರ್? ನಮ್ಮ ಗೈಡು ನನ್ನನ್ನ ಒಂಬತ್ತನೇ ಕ್ಲಾಸಲ್ಲಿ ಫೇಲೇ ಮಾಡಿಸ್ತು!"

ಮಾವನ ಪ್ರಕಾರ ಇಡೀ ಯೂನಿವರ್ಸಿಟಿಯಲ್ಲಿ ಇರುವುದು ಎರಡೇ ಜಾತಿ. ಡ್ರಾಯಿಂಗ್ ತರುವವರು ಮತ್ತು ಕೈಯಲ್ಲಿ ತೋರಿಸುವವರು. ವಿಜ್ಞಾನದವರು ಡ್ರಾಯಿಂಗ್ ತರುತ್ತಾರೆ. ಅದರಲ್ಲಿ ಚುಕ್ಕಿ ಆದಮೇಲೆ ಮೂರು ಅಂಕಿ ಇರುತ್ತದೆ. ನಮ್ಮ ಲೇತಿಗೆ ಮೂರನೇ ಅಂಕಿ ಇದೆ ಅನ್ನುವುದೇ ಗೊತ್ತಿಲ್ಲ! ಇತಿಹಾಸ, ಭಾಷೆ, ಜಾನಪದದವರು ಎರಡೂ ಕೈ ಅಗಲಿಸಿ "ಇಷ್ಟುದ್ದ ಇರ್ಲಿ ಸಾರ್" ಅನ್ನುತ್ತಾರೆ. ನಾನು ಟೇಪು ಹುಡುಕಿ ತರುವಷ್ಟರಲ್ಲಿ ಕೈ ಕೆಳಗೆ ಬಿಟ್ಟಿರುತ್ತಾರೆ.

ಒಬ್ಬ ಮೇಡಂಗೆ ಕೆರೆಯ ತಳದ ಕೆಸರನ್ನು ಕದಡದೆ ಪದರ ಪದರವಾಗಿ ಎತ್ತುವ ಕೊಳವೆ ಬೇಕಿತ್ತು. ಕೆಳಗೆ ಹೋದಷ್ಟೂ ಹಳೇ ಕಾಲದ ಮಣ್ಣಂತೆ. ಆಗ ಸುತ್ತಮುತ್ತ ಯಾವ ಗಿಡ ಹೂ ಬಿಟ್ಟಿತ್ತು ಅನ್ನುವುದೂ ಅದರಲ್ಲಿ ಸಿಗುತ್ತದಂತೆ.

"ಮೇಲ್ಗಡೆ ಪದರದಲ್ಲಿ ಹವಾಯಿ ಚಪ್ಪಲಿ ಸಿಗ್ತದೆ ಮೇಡಂ. ಅದು ಯಾವ ರಾಜನ ಕಾಲ ಅಂತ ಬರೀತೀರಿ?" ಅಂದರು ಮಾವ.

ಮೇಡಂ ನಗಲಿಲ್ಲ. "ಅದನ್ನೂ ಬರೀತೀವಿ ಸಾರ್. ಅದು ನಮ್ಮ ಕಾಲ."

ಮಾವ ಕೂಡಲೇ ಟೀ ತರಿಸಿದರು. ಮಾವ ಟೀ ತರಿಸಿದರೆ ಪಾಸು ಅಂತ ಅರ್ಥ.

ಇನ್ನೊಬ್ಬರು ಹಳೇ ಶಾಸನದವರು. ಕಲ್ಲಿನ ಮೇಲೆ ಅಕ್ಷರ ಎಷ್ಟು ಆಳಕ್ಕೆ ಕೆತ್ತಿದೆ ಅಂತ ಅಳೆಯಲು ಒಂದು ಸ್ಟ್ಯಾಂಡ್ ಬೇಕು ಅಂತ ಬಂದರು. ಮಾವ ಅವರ ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ ನೋಡಿ, "ಇದ್ನ ಹೊಡ್ದೋನು ಎಡಚ ಕಣ್ರೀ. ಉಳಿ ಬಿದ್ದಿರೋ ಓರೆ ನೋಡಿ" ಅಂದರು. ನಿಜವೋ ಸುಳ್ಳೋ, ಆ ಮನುಷ್ಯ ಮಾತ್ರ ಎಣ್ಣೆ ಡಬ್ಬಿಯ ಮೇಲೆ ದೊಪ್ಪನೆ ಕೂತು ಅದನ್ನು ಬರೆದುಕೊಂಡರು. ಎದ್ದಾಗ ಪ್ಯಾಂಟಿನ ಹಿಂದೆ ದುಂಡನೆಯ ಕಪ್ಪು ಮುದ್ರೆ ಬಿದ್ದಿತ್ತು. ಅದನ್ನು ಯಾವ ಕಾಲದ್ದು ಅಂತ ಅವರ ಮನೆಯವರು ಕಂಡುಹಿಡಿದಿರಬೇಕು.

ಈಗ ಬೇರಿಂಗಿನ ವಿಷಯಕ್ಕೆ ಬರುತ್ತೇನೆ. ಧಾರವಾಡ ಕಡೆಯ ಒಬ್ಬ ಹುಡುಗಿ ಬಂದಳು. ರಾಗಿ ಬೀಸುವಾಗ ಹೆಂಗಸರು ಹಾಡುತ್ತಿದ್ದ ಹಾಡುಗಳ ಮೇಲೆ ಅವಳ ರಿಸರ್ಚು. ನಮಗೆ ಶೆಡ್ ಬಾಡಿಗೆಗೆ ಕೊಟ್ಟ, ಬಾಗಲಗುಂಟೆಯಲ್ಲಿರುವ ಮಾಲೀಕರ ತಾಯಿಗೆ ಆ ಹಾಡುಗಳು ಬರುತ್ತಿದ್ದವು.

"ಒಂದು ಉದ್ದನೆ ಹಾಡೈತ್ರಿ ಸರ್," ಅಂದಳು ಹುಡುಗಿ. "ಅದರ ಅರ್ಧ ಹಾಡು ಎಷ್ಟೋ ಊರಾಗ ಸಿಕ್ಕೈತಿ. ಕಡೀ ಭಾಗ ಯಾರಿಗೂ ಬರಂಗಿಲ್ಲ. ಈ ಅಜ್ಜಿಗಷ್ಟೇ ಬರತೈತಿ. ಅವ್ರಿಗೂ ದಿನಾ ಒಂದೊಂದು ಮರೀಲಿಕ್ಕೆ ಹತ್ತೈತ್ರಿ. ನಿನ್ನೆ ನನ್ನನ್ನ ಸೊಸಿ ಅಂತ ತಿಳ್ಕೊಂಡು ಬಟ್ಟೆ ತಗೊಂಡ್ ಬಾ ಅಂದ್ರು."

"ಕೂತ್ಕೊಂಡು ಹಾಡು ಅಂದ್ರೆ ಹಾಡಲ್ವಾ?"

"ಕಲ್ಲು ತಿರುಗಲಿಲ್ಲಂದ್ರ ಬಾಯಿಗೆ ಬರಂಗಿಲ್ಲ ಅಂತಾರ್ರಿ. ಕಲ್ಲಿಗೆ ಗೂಟಾನ ಇಲ್ಲ."

ಹೋಗಿ ನೋಡಿದೆವು. ಮಾಲೀಕರದು ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡ. ಬೀಸುವ ಕಲ್ಲಿನ ಮೇಲಿನ ಭಾಗ ನೀರಿನ ಟ್ಯಾಂಕಿನ ಮುಚ್ಚಳ ಹಾರದಂತೆ ಕೂತಿತ್ತು. ಕೆಳಗಿನ ಭಾಗ ಗೇಟು ಬಡಿಯದಂತೆ ತಡೆದು ಕೂತಿತ್ತು. ನಡುವಿನ ಗೂಟವೂ ಇಲ್ಲ, ತಿರುಗಿಸುವ ಹಿಡಿಯೂ ಇಲ್ಲ. ಹುಡುಗಿ ಜಾನಪದದವಳು, ಎಂದಿನಂತೆ ಕೈಯಲ್ಲಿ ತೋರಿಸಿದಳು. ಮಿಕ್ಕಿದ್ದನ್ನು ಮಾವ ತಮ್ಮ ತಲೆಯಿಂದ ತುಂಬಿಕೊಂಡರು. ಅಲ್ಲೇ ಎಡವಟ್ಟಾಗಿದ್ದು!

ಜೀವಮಾನವಿಡೀ ಉಜ್ಜಾಟ, ಸವೆತ ತಪ್ಪಿಸುವುದೇ ಕೆಲಸವಾಗಿದ್ದ ಮನುಷ್ಯ. ವಯಸ್ಸಾದ ಅಜ್ಜಿ, ರಟ್ಟೆ ನೋಯಬಾರದು ಅಂತ ಪಾಪ, ಕಲ್ಲಿನ ನಡುವೆ ಒಳ್ಳೇ ಬೇರಿಂಗ್ ಕೂರಿಸಿದರು. ಮೇಲಿನ ಕಲ್ಲು ಕೆಳಗಿನದನ್ನು ಮುಟ್ಟದಂತೆ ಒಂದು ಕಾಳು ದಾಟುವಷ್ಟು ಸಂದು ಬಿಟ್ಟರು. ಹಿಡಿಗೆ ಪಾಲಿಶ್ ಬೇರೆ! ಅಜ್ಜಿ ಕೈ ಹಾಕಿದ್ದೇ ತಡ, ಕಲ್ಲು ಸದ್ದಿಲ್ಲದೆ ಗಿರ್ರನೆ ತಿರುಗಿತು. ಕೈ ಬಿಟ್ಟರೂ ತಿರುಗುತ್ತಲೇ ಇತ್ತು. ಹಾಕಿದ ರಾಗಿ ಹಾಕಿದ ಹಾಗೆಯೇ ಈಚೆ ಬಂತು.

"ಏನ್ಲಾ ಇದು? ಕಲ್ಲೋ ಪ್ಯಾನೋ?" ಅಂದರು ಅಜ್ಜಿ.

"ಬೇರಿಂಗ್ ಹಾಕಿದೀನಿ ಅಜ್ಜಿ. ಒಂದ್ಬೆರಳು ಸಾಕು."

"ಒಂದ್ಬೆರಳಲ್ಲಿ ತಿರುಗೋದ್ಕೆ ಬೀಸೋ ಪದ ಯಾಕ್ಲಾ? ರಟ್ಟೆ ನೋವು ಮರೀಲಿ ಅಂತ ಏಳ್ಕೊತಿದ್ವು. ನೋವೇ ಇಲ್ದಿದ್ರೆ ಎಲ್ಲಿಂದ ಬತ್ತದೆ?"

ಹುಡುಗಿ ರೆಕಾರ್ಡ್ ಮಾಡಲು ಹಿಡಿದಿದ್ದ ಫೋನನ್ನು ಕೆಳಗಿಟ್ಟಳು. ಮುಂದಿನ ತಿಂಗಳು ಥೀಸಿಸ್ ಬರೆದು ಒಪ್ಪಿಸಬೇಕು. ಅಜ್ಜಿ ಆಗಲೇ ಎದ್ದು, "ಈ ಉಡ್ಗಿ ಯಾರು?" ಅಂತ ಮಗನನ್ನು, ಅಂದರೆ ನಮ್ಮ ಮಾಲೀಕರನ್ನು, ಕೇಳುತ್ತಿದ್ದರು.

ಮಾವ ಕಲ್ಲಿನಿಂದ ಬೇರಿಂಗ್ ಬಿಚ್ಚಿಕೊಂಡು ಗಾಡಿ ಹತ್ತಿದರು. ಶೆಡ್ಡಿಗೆ ಬಂದು ಬೇರಿಂಗನ್ನು ಮೇಜಿನ ಮೇಲೆ ಕುಕ್ಕಿದರು. "ಇಷ್ಟು ವರ್ಷ ಉಜ್ಜಾಟ ತೆಗ್ದಿದ್ದೇ ಕೆಲ್ಸ. ಈಗ ಉಜ್ಜಾಟ ಹಾಕಿ ಕೊಡು ಅಂತಾರಲ್ಲೋ!" ಆಮೇಲೆ ಅವರೇ ಹೋಗಿ ಎಲ್ಲಿಂದಲೋ ಹಳೇ ಜಾಲಿ ಮರದ ತುಂಡು ತಂದರು. ಕಬ್ಬಿಣ ಕೊರೆಯುವ ಲೇತಿನಲ್ಲಿ ಮರ ಕೊರೆದೆವು. ಮರದ ಪುಡಿ ಎಣ್ಣೆಗೆ ಮೆತ್ತಿಕೊಂಡು ಶೆಡ್ಡಿಡೀ ಪುಳಿಯೋಗರೆ ಕಲಸಿದ ಹಾಗಾಯಿತು. ಬುಷ್ ಸೂಪರ್‌ವೈಸರ್ ಬಾಗಿಲಲ್ಲಿ ಇಣುಕಿ ನೋಡಿ, ಹಿಂದಕ್ಕೇ ಹೊರಟುಹೋದ. ಮಾವ ಮೂರು ಗೂಟ ಮಾಡಿದರು. ಒಂದೊಂದನ್ನೇ ತೂತಿಗೆ ಸಿಕ್ಕಿಸಿ, ಕಿವಿ ಹತ್ತಿರ ಹಿಡಿದು ತಿರುಗಿಸಿ, ಎಲ್ಲಕ್ಕಿಂತ ಹೆಚ್ಚು ಕಿರುಗುಟ್ಟುವುದನ್ನು ಆರಿಸಿಕೊಂಡರು.

ಮರುದಿನ ಬೆಳಿಗ್ಗೆ ಅಜ್ಜಿ ಕಲ್ಲಿನ ಮುಂದೆ ಕಾಲು ಚಾಚಿ ಕೂತರು. ಕಲ್ಲು ಗರ್ ಗರ್ ಅಂತ ಸದ್ದು ಮಾಡಿತು. ಹಿಟ್ಟು ಬಿತ್ತು. ನಾಲ್ಕು ಸುತ್ತು ಆಗಿರಬೇಕು, ಅಜ್ಜಿಯ ಬಾಯಿಂದ ಗುನುಗು ಬಂತು. ಆಮೇಲೆ ಹಾಡೇ ಬಂತು! ಹುಡುಗಿ ಫೋನನ್ನು ಅಜ್ಜಿಯ ಹತ್ತಿರಕ್ಕೆ ಸರಿಸಿದಳು.

ಹಾಡಿನಲ್ಲಿ ತಂಗಿ ಗಂಡನ ಮನೆಯಲ್ಲಿ ಬೀಸುತ್ತಾ ಕೂತಿದ್ದಾಳೆ. ದೂರದಲ್ಲಿ ಎತ್ತಿನ ಗೆಜ್ಜೆ ಸದ್ದು. ಅಣ್ಣ ಗಾಡಿ ಕಟ್ಟಿಕೊಂಡು ತಂಗಿಯನ್ನು ಕರೆಯಲು ಬರುತ್ತಿದ್ದಾನೆ. ಬೀಸುವುದು ಮುಗಿಸದೆ ಏಳಬೇಡ ಅನ್ನುತ್ತಾಳೆ ಅತ್ತೆ. ಅಣ್ಣ ಬಾಗಿಲಿಗೆ ಬಂದ. ಹೊಸಲಿನ ಈಚೆ ನಿಂತು ತಂಗಿಯ ಹೆಸರು ಹಿಡಿದು ಕರೆದ...

ಕಲ್ಲು ನಿಂತಿತು.

"ಇಲ್ಲಿ ಎಸರು ಬರ್ಬೇಕು," ಅಂದರು ಅಜ್ಜಿ. "ಎದುರ್ಗೆ ಕುಂತು ಬೀಸ್ತಿದ್ಲಲ್ಲ, ಅವ್ಳೆಸ್ರು ಆಕ್ತಿದ್ದೆ. ಏನವ್ಳೆಸ್ರು?"

ಮಗ ಒಂದಿಷ್ಟು ಹೆಸರು ಹೇಳಿದರು. ಅಜ್ಜಿ ಎಲ್ಲಕ್ಕೂ ತಲೆ ಅಲ್ಲಾಡಿಸಿದರು. ಕಣ್ಣು ಎಲ್ಲೋ ಹೋಗತೊಡಗಿತು.

"ನನ್ನ ಹೆಸರ ಹಾಕ್ರಿ ಅಜ್ಜಿ," ಅಂದಳು ಹುಡುಗಿ.

"ನಿಂಗೆ ಅಣ್ಣ ಅವ್ನಾ?"

"ಇಲ್ರಿ. ನಾ ಒಬ್ಬಾಕೀನ."

"ಅಣ್ಣ ಇಲ್ದೋಳ್ನ ಯಾರ್ ಕರ್ಯಕ್ಕೆ ಬತ್ತಾರೆ? ಉಚ್ಚು ಉಡ್ಗಿ."

ಅಜ್ಜಿಯ ಕೈ ಹಿಡಿಯಿಂದ ಸಡಿಲವಾಯಿತು. ಅಷ್ಟರಲ್ಲಿ ಗೋಡೆಗೆ ಒರಗಿ ನಿಂತಿದ್ದ ಮಾವ ಬಂದು ಅಜ್ಜಿಯ ಎದುರು, ಕಲ್ಲಿನ ಆ ಕಡೆ ಕುಕ್ಕರುಗಾಲಲ್ಲಿ ಕೂತರು.

"ರತ್ನ ಅಂತ ಹಾಕಿ ಅಜ್ಜಿ. ನಾನೇ ಅವಳ ಅಣ್ಣ."

ಅಜ್ಜಿ ಅವರ ಮುಖವನ್ನು ಒಂದು ಸಲ ನೋಡಿದರು. "ರತ್ನ," ಅಂತ ಬಾಯಲ್ಲಿ ಹೇಳಿ ನೋಡಿಕೊಂಡರು. ಕಲ್ಲು ತಿರುಗಿತು. ಹಾಡು ಹೊಸಲು ದಾಟಿತು. ಕೊನೆಯವರೆಗೂ ಹೋಯಿತು.

ಹುಡುಗಿ ಈಗ ಡಾಕ್ಟರ್. ಅವಳ ಪುಸ್ತಕ ಕನ್ನಡದಲ್ಲಿದೆ, ಹಾಗಾಗಿ ನಮ್ಮ ಶೆಡ್ಡಿನಿಂದ ಹೋದ ರಿಸರ್ಚುಗಳಲ್ಲಿ ನನಗೆ ಓದಲು ಬಂದದ್ದು ಇದೊಂದೇ. ಆ ಹಾಡು ಪೂರ್ತಿ ಇದೆ. ರತ್ನ ಅನ್ನುವ ಹೆಸರೂ ಇದೆ. ಅದು ನಮ್ಮಮ್ಮನ ಹೆಸರು. ಇಷ್ಟು ವರ್ಷದಲ್ಲಿ ಆ ಹೆಸರನ್ನು ಮಾವನ ಬಾಯಿಂದ ನಾನು ಕೇಳಿದ್ದು ಆವತ್ತೇ ಮೊದಲು.

ಅಮ್ಮನಿಗೆ ಹುಷಾರಿಲ್ಲದಾಗ ನನಗೆ ಆರು ವರ್ಷ. ಅಪ್ಪನ ಮಾತು ಇಲ್ಲಿ ಬೇಡ. ತಂಗಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂತ ಮಾವ ಬಸ್ಸು ಹತ್ತಿ ನಮ್ಮೂರಿಗೆ ಬಂದರು. ಬಾಗಿಲಿಗೆ ಬಂದು ಹೆಸರು ಹಿಡಿದು ಕರೆದಿರಬೇಕು, ನನಗೆ ನೆನಪಿಲ್ಲ. ಅಷ್ಟು ಹೊತ್ತಿಗೆ ತಡವಾಗಿತ್ತು, ಅಮ್ಮ ಇರಲಿಲ್ಲ. ಕರೆದುಕೊಂಡು ಹೋಗಲು ಬಂದ ಮನುಷ್ಯ ಬರಿಗೈಯಲ್ಲಿ ವಾಪಸ್ ಹೋಗಲಿಲ್ಲ. ನನ್ನನ್ನು ಎತ್ತಿಕೊಂಡು ಹೋದರು.