ಮೂರು ವ್ಯಾಗನ್ ಗೋಧಿ

"ಮೂರೇ ವ್ಯಾಗನ್, ಲೋವೆಲ್. ಮೂರು ವಾರದಿಂದ ಕೇಳ್ತಿದ್ದೀನಿ."

"ಮೂರು ಕೇಳ್ತಿರೋದೇ ತಪ್ಪು ಕಣಯ್ಯ. ಐವತ್ತನಾಲ್ಕು ಕೇಳು, ಒಂದು ಇಡೀ ರೈಲಾಗುತ್ತೆ, ನಾಳೆನೇ ಕಳಿಸ್ತಾರೆ."

"ನನ್ನ ಹತ್ರ ಇರೋ ಗೋಧಿ ಮೂರಕ್ಕೇ ಆಗೋದು."

"ಇನ್ನೊಂದು ಐವತ್ತೊಂದಕ್ಕೆ ಆಗೋಷ್ಟು ಬೆಳಿ."

"ಸಂಜೆಯೊಳಗಾ?"

ಅಮೆರಿಕದ ಉತ್ತರ ಡಕೋಟಾದ ಎಲ್ಸ್‌ಬಿ ಎಂಬ ಸಣ್ಣ ಊರಿನ ರೈಲ್ವೆ ಸ್ಟೇಷನ್ನು, 1982ರ ಆಗಸ್ಟ್. ವರ್ಲಿನ್ ಹೌಗನ್ ಊರಿನ ಧಾನ್ಯದ ಗೋದಾಮಿನ ಯಜಮಾನ. ಗೋದಾಮು ತುಂಬಿ, ಮಿಕ್ಕ ಗೋಧಿ ಬಯಲಲ್ಲಿ ಗುಡ್ಡೆ ಬಿದ್ದಿತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಲೋವೆಲ್ ಟ್ವೆಟ್ ಇಪ್ಪತ್ತಾರು ವರ್ಷದಿಂದ ಅದೇ ಸ್ಟೇಷನ್ನಿನಲ್ಲಿ ಖಾಸಗಿ ರೈಲು ಕಂಪನಿಯ ಏಜೆಂಟು.

"ಅವಸರ ಪಡಬೇಡ. ಹೇಗೂ ಈ ಲೈನು ಕಿತ್ತುಹಾಕ್ತಾರೆ," ಎಂದ ಲೋವೆಲ್.

"ಯಾಕಂತೆ?"

"ಸರಕೇ ಇಲ್ಲವಂತೆ."

"ಕಿಟಕಿ ತೆಗೆದು ನೋಡು. ಬೆಟ್ಟದ ಹಾಗೆ ಬಿದ್ದಿದೆ."

"ಅದು ವ್ಯಾಗನ್ ಹತ್ತಿಲ್ಲವಲ್ಲ. ಹತ್ತದೇ ಇರೋದನ್ನ ಸರಕು ಅನ್ನಲ್ಲ."

"ವ್ಯಾಗನ್ ಬಂದ್ರೆ ತಾನೇ ಹತ್ತೋದು?"

"ಸರಕು ಹತ್ತಿದ್ರೆ ತಾನೇ ವ್ಯಾಗನ್ ಬರೋದು?"

ವರ್ಲಿನ್ ಎದ್ದು ಕಿಟಕಿಯಿಂದ ಮೋಡ ನೋಡಿ ಬಂದ.

"ಮೊದಲೆಲ್ಲ ಲೈನು ಮುಚ್ಚೋಕೆ ಸರ್ಕಾರ ಅಷ್ಟು ಸುಲಭಕ್ಕೆ ಬಿಡ್ತಿರಲಿಲ್ಲ."

"ಹೊಸ ಕಾನೂನು ಬಂತಲ್ಲ. ಈಗ ಸ್ವಾತಂತ್ರ್ಯ."

"ಯಾರಿಗೆ?"

"ಇಬ್ಬರಿಗೂ. ಬಾಯಿಗೆ ಬಂದ ದರ ಹೇಳೋ ಸ್ವಾತಂತ್ರ್ಯ ಕಂಪನಿಗೆ, ಕೇಳಿ ಬೆಚ್ಚಿಬೀಳೋ ಸ್ವಾತಂತ್ರ್ಯ ನಿನಗೆ."

"ನಿನ್ನ ಗತಿ ಏನಯ್ಯ?"

ಲೋವೆಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಕಿತ್ತ ಹಳಿ ಎಣಿಸೋಕೆ ಒಂದು ವಾರ ಇಟ್ಕೋತಾರಂತೆ. ಆಮೇಲೆ ನನಗೂ ಸ್ವಾತಂತ್ರ್ಯ."

"ಆ ಹಳಿ ಏನು ಮಾಡ್ತಾರೆ?"

"ಗುಜರಿಗೆ."

"ಗುಜರಿ ಬೆಲೆಗೆ ನಾನೇ ತಗೋತೀನಿ ಅಂದ್ರೆ? ಕೀಳೋ ಖರ್ಚೂ ಉಳೀತು. ಇದ್ದಲ್ಲೇ ಇರಲಿ."

ಲೋವೆಲ್ ಅವನ ಮುಖವನ್ನೇ ನೋಡಿ, ಫೋನು ಎತ್ತಿಕೊಂಡ. ಮೂರು ವ್ಯಾಗನ್ ಕಳಿಸುವುದೋ ಬೇಡವೋ ಎಂದು ಮೂರು ವಾರ ಯೋಚಿಸಿದ ಕಂಪನಿ, ಇಡೀ ಲೈನು ಮಾರಲು ಮೂರು ನಿಮಿಷ ತೆಗೆದುಕೊಂಡಿತು.

"ಒಪ್ಪಿದ್ರು. ಹದಿನೆಂಟು ಮೈಲಿ ಹಳಿ, ಕೆಮ್ಮೋ ಎಂಜಿನ್ನು ಒಂದು, ತುಕ್ಕು ಹಿಡಿದ ವ್ಯಾಗನ್ನು ನಾಲ್ಕು."

"ನೀನು?"

"ನನ್ನನ್ನ ಪುಕ್ಕಟೆ ಸೇರಿಸಿದ್ದಾರೆ."

ಆವತ್ತು ಮಳೆ ಬರುವ ಹೊತ್ತಿಗೆ ಇಬ್ಬರೂ ಸೇರಿ ಗೋಧಿಯ ಮೇಲೆ ಟಾರ್ಪಾಲು ಎಳೆದರು. ಕಾಗದಪತ್ರ ಮುಗಿಯುವಾಗ ಅಕ್ಟೋಬರ್ ಬಂತು. ಮೊದಲ ದಿನ ಬೆಳಿಗ್ಗೆ ವರ್ಲಿನ್ ಸ್ಟೇಷನ್ನಿನಲ್ಲಿ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದ. ಲೋವೆಲ್ ಕಾಗದ ಹಿಡಿದು ಬಂದು ಎದುರು ನಿಂತ.

"ಯಜಮಾನ್ರೇ, ಒಬ್ಬರು ಮೂರು ವ್ಯಾಗನ್ ಕೇಳಿದ್ದಾರೆ. ಅಷ್ಟಕ್ಕೆ ಎಂಜಿನ್ ಹೊರಟ್ರೆ ಡೀಸೆಲ್ಲೂ ಗಿಟ್ಟಲ್ಲ."

ವರ್ಲಿನ್ ಗಲ್ಲ ಕೆರೆದುಕೊಂಡ. "ಇನ್ನಷ್ಟು ಸರಕು ಸೇರಲಿ, ಮುಂದಿನ ವಾರ ನೋಡೋಣ ಅಂತ ಹೇಳು."

"ಗೋಧಿ ನಿಮ್ಮದೇ."

ವರ್ಲಿನ್ ಕಾಫಿ ಲೋಟ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದ.

"ಹಾಗಾದ್ರೆ ಸ್ವಲ್ಪ ಮೆತ್ತಗೆ ಹೇಳು. ಆ ಮನುಷ್ಯನಿಗೆ ಮೂಗಿನ ತುದೀಲಿ ಕೋಪ."