ಕೊಂಡಿಗೆ ಕಾದ ಸೈಕಲ್ಲು

ದಿನಕ್ಕೆ ಅರ್ಧ ಗಂಟೆ ಸೈಕಲ್ ತುಳಿಯಬೇಕೆಂದು ಡಾಕ್ಟರು ಹೇಳಿದ್ದರು. ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳಿರಲಿಲ್ಲ. ಜಯಚಂದ್ರನ ಕಷ್ಟ ಶುರುವಾದದ್ದು ಅಲ್ಲಿಂದಲೇ.

ಅವನು ಹಿಂದೂಪುರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ತೂಕ ಬರೆಯುವ ಗುಮಾಸ್ತ. ವಯಸ್ಸು ನಲವತ್ತೈದು, ಮೈಯಲ್ಲಿ ಹೊಸದಾಗಿ ಬಂದ ಸಕ್ಕರೆ ಕಾಯಿಲೆ, ಮಹಡಿಯ ಮೇಲೆ ಬಾಡಿಗೆಗೆ ಒಂದು ರೂಮು, ಒಂದು ಅಡುಗೆಮನೆ. ರೂಮಿನಲ್ಲಿ ಮಂಚ, ಬೀರು, ಟಿವಿ ಮತ್ತು ಹೆಂಡತಿ ಸುಷ್ಮಾಳ ಹೊಲಿಗೆ ಮಿಷನ್ನು. ಮಗಳು ಮೇಘನಾ ಅನಂತಪುರದ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿಗೆ ಸಮನಾದ ಇಂಟರ್ ಓದುತ್ತಿದ್ದಳು. ಅವಳು ರಜೆಗೆ ಬಂದರೆ ಮೂವರಲ್ಲಿ ಒಬ್ಬರು ಅಡುಗೆಮನೆಯಲ್ಲಿ ಮಲಗಬೇಕು. ಇಂಥ ಮನೆಗೆ ಜಯಚಂದ್ರ ಇಪ್ಪತ್ತೊಂದು ಗೇರಿನ ಕೆಂಪು ಸೈಕಲ್ಲು ತಂದಿದ್ದ.

"ಅದು ಒಳಕ್ಕೆ ಬಂದ್ರೆ ನಾನು ಕಲ್ಯಾಣದುರ್ಗಕ್ಕೆ ಹೋಯ್ತೀನಿ" ಎಂದು ಸುಷ್ಮಾ ಮೊದಲ ದಿನವೇ ಹೇಳಿದಳು. ಕಲ್ಯಾಣದುರ್ಗ ಅವಳ ತವರು. ಹಾಗಾಗಿ ಸೈಕಲ್ಲು ಕೆಳಗೆ, ಮೆಟ್ಟಿಲ ಅಡಿಯಲ್ಲಿ ನಿಂತಿತು. ಮೂರು ವಾರ ಸುಖವಾಗಿತ್ತು.

ಆ ಸೋಮವಾರ ಬೆಳಿಗ್ಗೆ ಸುಷ್ಮಾ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋದ ಮೇಲೆ, ಕೆಳಗಿನ ಮನೆಯಲ್ಲಿರುವ ಓನರು ಶಿವಲಕ್ಷ್ಮಮ್ಮ ಜಯಚಂದ್ರನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡರು.

"ನಾಳೆ ನಮ್ಮ ಮಗಳು ಶ್ರೀಲತಾ ಬಾಣಂತನಕ್ಕೆ ಬತ್ತಾಳೆ ಕಣಪ್ಪ. ನೀರು ಕಾಯಿಸೋಕೆ ಒಂದು ಗಾಡಿ ಸೌದೆಗೆ ಹೇಳಿವ್ನಿ. ಸಂಜೆ ಒಳಗೆ ಈ ನಿನ್ನ ಕುದುರೇನ ಇಲ್ಲಿಂದ ಎತ್ತು."

"ಎಲ್ಲಿಗೆ ಎತ್ಲಿ ಅಮ್ಮ?"

"ಅದು ನಿಂಗೆ ಬಿಟ್ಟಿದ್ದು. ಗೋಡೆಗೆ ಮಾತ್ರ ಒಂದು ಮೊಳೆ ಬೀಳಂಗಿಲ್ಲ. ಬಾಡಿಗೆಗೆ ಬರೋವಾಗ್ಲೇ ಹೇಳಿದ್ನಲ್ಲ."

ಜಯಚಂದ್ರ ಅರ್ಧ ದಿನ ರಜೆ ಹಾಕಿ ಮಂಚದ ಮೇಲೆ ಕೂತು ಯೋಚಿಸಿದ. ಟೆರೇಸಿನಲ್ಲಿ ಬಿಟ್ಟರೆ ಹಿಂದೂಪುರದ ಬಿಸಿಲಿಗೆ ಟೈರು ಹಪ್ಪಳವಾಗುತ್ತದೆ. ಬೀದಿಯಲ್ಲಿ ಬಿಟ್ಟರೆ ಎದುರುಮನೆ ಗಂಗಕ್ಕನ ಮೇಕೆಗಳಿವೆ. ಅವು ಹಿಂದಿನ ವಾರವಷ್ಟೇ ಯಾರದೋ ಸ್ಕೂಟರಿನ ಸೀಟು ತಿಂದಿದ್ದವು. ಮೊಬೈಲಿನ ವಿಡಿಯೋಗಳಲ್ಲಿ ಜನ ಸೈಕಲ್ಲನ್ನು ಗೋಡೆಗೆ ಕ್ಯಾಲೆಂಡರಿನಂತೆ ನೇತುಹಾಕಿದ್ದರು. ಎಲ್ಲದಕ್ಕೂ ಮೊಳೆ ಬೇಕು. ಒಂದು ವಿಡಿಯೋದಲ್ಲಿ ಮಾತ್ರ ಒಬ್ಬ ಹಗ್ಗ ಎಳೆದು ಸೈಕಲ್ಲನ್ನು ಸೂರಿಗೇ ಏರಿಸಿಬಿಟ್ಟ. ಜಯಚಂದ್ರ ತಲೆಯೆತ್ತಿ ನೋಡಿದ.

ಸೂರಿನ ನಡುವೆ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿಯಿತ್ತು. ಶಿವಲಕ್ಷ್ಮಮ್ಮನ ಗಂಡ ಸ್ಲ್ಯಾಬು ಹಾಕಿಸುವಾಗ ಇಡಿಸಿದ್ದು. ಎಂಟು ವರ್ಷದಿಂದ ಅದರ ಕೆಳಗೇ ಮಲಗಿ ಎದ್ದರೂ ಅದು ಇವತ್ತೇ ಅವನ ಕಣ್ಣಿಗೆ ಬಿತ್ತು. ಮೊಳೆ ಹೊಡೆಯದೆ ಸಿಕ್ಕ ಜಾಗ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಸಕ್ಕರೆ ಹಾಕಿಕೊಂಡೇ ಒಂದು ಟೀ ಕುಡಿದ.

ಆದರೆ ತೂಕದ ಗುಮಾಸ್ತನಲ್ಲವೇ, ಪರೀಕ್ಷೆ ಮಾಡದೆ ನಂಬುವವನಲ್ಲ. ಸ್ಟೂಲು ಹತ್ತಿ ಕೊಂಡಿಯ ತುಕ್ಕು ಉಜ್ಜಿದ, ಎಣ್ಣೆ ಬಿಟ್ಟ. ಹಗ್ಗ ಸಿಗದೆ ಸುಷ್ಮಾಳ ಹಳೇ ಸೀರೆಯೊಂದನ್ನು ಕೊಂಡಿಗೆ ಜೋಳಿಗೆಯಂತೆ ಕಟ್ಟಿದ. ಸೈಕಲ್ಲಿನಷ್ಟು ಭಾರದ ವಸ್ತು ಮನೆಯಲ್ಲಿ ಒಂದೇ ಇತ್ತು: ಅತ್ತೆ ಮದುವೆಯಲ್ಲಿ ಕೊಟ್ಟ ಒರಳಿನ ಗುಂಡುಕಲ್ಲು. ಮಿಕ್ಸಿ ಬಂದಾಗಿನಿಂದ ಅದು ಬಾಗಿಲು ಬಡಿದುಕೊಳ್ಳದಂತೆ ತಡೆಯುವ ಕೆಲಸದಲ್ಲಿತ್ತು. ಅದನ್ನು ಎತ್ತಿ ಸೀರೆಯಲ್ಲಿ ಮಲಗಿಸಿದ. ಕೊಂಡಿ ಜಗ್ಗಲಿಲ್ಲ. ಅಲುಗಾಡಿದರೂ ತಡೆಯುತ್ತದೋ ನೋಡೋಣವೆಂದು ಮೆಲ್ಲಗೆ ತೂಗಿದ.

ಗುಂಡುಕಲ್ಲು ಇಲ್ಲದ ಬಾಗಿಲು ತಾನಾಗಿ ತೆರೆದುಕೊಂಡಿತು. ಹೊರಗೆ ಗಂಗಕ್ಕ ಮೊಸರಿನ ಚೊಂಬು ಹಿಡಿದು ನಿಂತಿದ್ದಳು.

ಆ ಕಡೆಯಲ್ಲಿ ಯಾವ ಮನೆಯಲ್ಲಾದರೂ ಸರಿ, ಹೊಸ ತೊಟ್ಟಿಲಿಗೆ ಮಗುವಿಗಿಂತ ಮೊದಲು ಮಲಗುವುದು ಗುಂಡುಕಲ್ಲು. ಬರೀ ತೊಟ್ಟಿಲು ತೂಗಬಾರದೆಂದು ಕಲ್ಲನ್ನು ತೂಗಿ, ಆಮೇಲೆ ಕೂಸನ್ನು ಹಾಕುತ್ತಾರೆ. ಜಯಚಂದ್ರನಿಗೂ ಇದು ಗೊತ್ತಿತ್ತು. ಸೈಕಲ್ಲಿನ ಧ್ಯಾನದಲ್ಲಿ ಮರೆತಿದ್ದ.

"ಇದೇನ್ ಜಯಚಂದ್ರಪ್ಪ?" ಗಂಗಕ್ಕ ಕಲ್ಲನ್ನೂ ಅವನನ್ನೂ ನೋಡಿದಳು.

"ಏನಿಲ್ಲ ಗಂಗಕ್ಕ, ಊರ್ಕೇನೆ, ಸುಮ್ಕೆ" ಎಂದ ಅವನು. ಸೈಕಲ್ಲಿನ ಮಾತು ಓನರಿಗೆ ಮುಟ್ಟಿದರೆ ಸ್ಲ್ಯಾಬು ಬೀಳಿಸುತ್ತೀಯಾ ಎಂದು ಮನೆಯನ್ನೇ ಖಾಲಿ ಮಾಡಿಸುತ್ತಾರೆಂಬ ಭಯಕ್ಕೆ ಇನ್ನೊಂದು ಮಾತು ಸೇರಿಸಿದ. "ಯಾರಿಗೂ ಹೇಳ್ಬೇಡ. ಶಿವಲಕ್ಷ್ಮಮ್ಮಂಗಂತೂ ಬ್ಯಾಡವೇ ಬ್ಯಾಡ."

"ನಾನ್ಯಾಕೆ ಹೇಳ್ಲಪ್ಪ" ಎಂದು ಗಂಗಕ್ಕ ಮೊಸರನ್ನೂ ಕೊಡದೆ ಇಳಿದು ಹೋದಳು.

ಹತ್ತು ನಿಮಿಷಕ್ಕೆ ಶಿವಲಕ್ಷ್ಮಮ್ಮ ಮೇಲೆ ಬಂದರು. ಕೈಯಲ್ಲಿ ಒಂದು ಬಟ್ಟಲು ಮಾವಿನಕಾಯಿ ಉಪ್ಪಿನಕಾಯಿ, ಮುಖದಲ್ಲಿ ಎಂಟು ವರ್ಷದಲ್ಲಿ ಅವನು ಕಾಣದ ನಗು.

"ಇಂಥಾ ಮಾತ ನನ್ನತ್ರ ಮುಚ್ಚಿಡೋದಾ? ಹದಿನೇಳು ವರ್ಷ ಆದ್ಮೇಲೆ ದೇವ್ರು ಕಣ್ಬುಟ್ಟವ್ನೆ. ನಾಚ್ಕೆ ಯಾಕೆ? ಸುಷ್ಮಂಗೆ ಇದು ಕೊಡು, ಬಾಯಿಗೆ ರುಚಿ ಬೇಕನ್ನಿಸ್ತದೆ."

ಜಯಚಂದ್ರ ಬಾಯಿ ತೆರೆದ. ನಿಜ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಮುಂದುವರಿಸಿದರು.

"ಆ ಸೈಕಲ್ಲು ಅಲ್ಲೇ ಇರ್ಲಿ ಬಿಡು. ಬಸುರಿ ಓಡಾಡೋ ಮನೇಲಿ ಇಕ್ಕಟ್ಟಾಗಬಾರ್ದು. ಸೌದೇನ ಹಿತ್ತಲಿಗೆ ಹಾಕಿಸ್ತೀನಿ."

ಜಯಚಂದ್ರ ಬಾಯಿ ಮುಚ್ಚಿದ. ತಾನು ಸುಳ್ಳು ಹೇಳಿಲ್ಲ, ಸುಮ್ಮನಿದ್ದೇನೆ ಅಷ್ಟೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ನಾಲ್ಕು ದಿನ ಬಿಟ್ಟು ನಿಧಾನವಾಗಿ ಏನಾದರೂ ಹೇಳಿದರಾಯಿತು. ಸಿಳ್ಳೆ ಹಾಕುತ್ತ ಮೆಟ್ಟಿಲಿಳಿದು, ಅದೇ ಸೈಕಲ್ಲು ಹತ್ತಿ ಮಾರ್ಕೆಟ್ಟಿಗೆ ಹೋದ.

ಮಧ್ಯಾಹ್ನ ಮೇಘನಾಳ ಫೋನು ಬಂತು.

"ಅಪ್ಪ, ಅಜ್ಜಿ ಹೇಳಿದ್ದು ನಿಜಾನಾ?" "ನಾನು ಹಾಸ್ಟೆಲ್ನಾಗೆ ಯಾರಿಗೆ ಮುಖ ತೋರಿಸ್ಲಿ?"

"ಅಜ್ಜಿಗೆ ಯಾರು ಹೇಳಿದ್ರಮ್ಮ?"

"ಗಂಗಕ್ಕ. ಅಜ್ಜಿ ಆಗ್ಲೇ ಬಸ್ ಹತ್ತವ್ರೆ."

ಜಯಚಂದ್ರನ ಕೈಯಲ್ಲಿದ್ದ ಪೆನ್ನು ಗೂಡಿನ ಬುಟ್ಟಿಯೊಳಗೆ ಬಿತ್ತು. ಸುಷ್ಮಾಳಿಗೆ ಹೇಳೋಣವೆಂದರೆ ಗಾರ್ಮೆಂಟ್ಸಿನಲ್ಲಿ ಸಂಜೆಯವರೆಗೆ ಫೋನು ಕೊಡುವುದಿಲ್ಲ. ಸಾಹೇಬರ ಕೈಕಾಲು ಹಿಡಿದು ನಾಲ್ಕಕ್ಕೇ ಹೊರಟ. ಇಪ್ಪತ್ತೊಂದು ಗೇರುಗಳಲ್ಲಿ ಯಾವುದು ಹಾಕಿದರೂ ಸೈಕಲ್ಲು ಬೇಗ ಹೋಗಲಿಲ್ಲ.

ಅವನು ಬೀದಿಗೆ ತಿರುಗುವಾಗ ಮನೆ ಮುಂದೆ ಆಟೋ ನಿಂತಿತ್ತು. ಅದರ ತಲೆಯ ಮೇಲೆ ಬಣ್ಣ ಹೋದ ಮರದ ತೊಟ್ಟಿಲು. ಒಳಗಿನಿಂದ ಅತ್ತೆ ಚೌಡಕ್ಕ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದರು.

"ಬಸ್ಸು ಹೆಂಗಸ್ರಿಗೆ ಫ್ರೀ ಅಂತ ಬಂದ್ಬುಟ್ಟೆ ಅಳಿಯಾವ್ರೆ. ಆ ಕಂಡಕ್ಟ್ರು ತೊಟ್ಲಿಗೆ ಟಿಕೆಟ್ ಹರಿದ್ಬುಟ್ಟ. ಸುಷ್ಮಾ ಮಲಗಿದ್ದು ಇದ್ರಾಗೇ. ಮೇಘನಾ ಮಲಗಿದ್ದೂ ಇದ್ರಾಗೇ."

"ಅತ್ತೆ, ಒಂದು ಮಾತು..."

"ಮಾತು ಆಮೇಲೆ. ಹಿಡೀರಿ."

ತೊಟ್ಟಿಲು ಮೇಲೆ ಹೋಯಿತು, ಕೊಂಡಿಗೆ ಸಿಕ್ಕಿತು. ಅದರ ಸರಪಳಿಗೂ ಕೊಂಡಿಗೂ ಅಳತೆ ತೆಗೆದು ಮಾಡಿಸಿದಷ್ಟು ಹೊಂದಿಕೆ. ಬರಿದಾಗಿರಬಾರದೆಂದು ಗಂಗಕ್ಕ ಗುಂಡುಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಒಳಗೆ ಮಲಗಿಸಿದಳು. ಶಿವಲಕ್ಷ್ಮಮ್ಮ ಹೂವು ತಂದರು. ಐದೂವರೆಗೆ ದುಡಿದು ಸುಸ್ತಾಗಿ ಬಂದ ಸುಷ್ಮಾ ಬಾಗಿಲಲ್ಲಿ ನಿಂತಳು. ಮೂವರು ಹೆಂಗಸರು ಅವಳ ಹೊಟ್ಟೆಯನ್ನೇ ನೋಡಿದರು.

"ಭಾರ ಎತ್ತಬ್ಯಾಡ, ಕೂತ್ಕೊ" ಎಂದು ಚೌಡಕ್ಕ ಅವಳ ಟಿಫಿನ್ ಬ್ಯಾಗು ಕಿತ್ತುಕೊಂಡರು. "ಎಷ್ಟು ತಿಂಗ್ಳು?"

ಸುಷ್ಮಾ ತೊಟ್ಟಿಲು ನೋಡಿದಳು. ಕಲ್ಲು ನೋಡಿದಳು. ಕೊನೆಗೆ ಗಂಡನನ್ನು ನೋಡಿದಳು. ಆ ನೋಟದ ಮುಂದೆ ಸಕ್ಕರೆ ಕಾಯಿಲೆ ಏನೇನೂ ಅಲ್ಲ ಎನಿಸಿತು ಜಯಚಂದ್ರನಿಗೆ.

"ಸೈಕಲ್ಲು" ಎಂದ ಅವನು. "ಸೈಕಲ್ ನೇತಾಕೋಕೆ ಕೊಂಡಿ ತಡೀತದಾ ಅಂತ ನೋಡ್ತಿದ್ದೆ. ಬೇರೇನೂ ಇಲ್ಲ. ಯಾವ ಮಗೂನೂ ಇಲ್ಲ. ಎಲ್ರೂ ಕ್ಷಮಿಸ್ಬೇಕು."

ಮೊದಲು ಉಸಿರು ಬಿಟ್ಟವರು ಚೌಡಕ್ಕ.

"ಬದುಕ್ದೆ ಕಣಪ್ಪ" ಎಂದು ಮಂಚದ ಮೇಲೆ ಕುಸಿದರು. "ಈ ಸೊಂಟ ಇಟ್ಕೊಂಡು ಇನ್ನೊಂದು ಬಾಣಂತನ ಹೆಂಗೆ ಮಾಡ್ಲಪ್ಪಾ ಅಂತ ಪೆನುಕೊಂಡ ದಾಟೋವರ್ಗೂ ದೇವ್ರನ್ನ ಕೇಳ್ಕೊಂಡು ಬಂದೆ."

ಸುಷ್ಮಾಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮಗಳಿಗೆ ಫೋನು ಮಾಡಿದಳು. ಅತ್ತ ಮೇಘನಾ ಸಂತೋಷಕ್ಕೆ ಅತ್ತೇ ಬಿಟ್ಟಳು. ಜಯಚಂದ್ರನ ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು. ಇನ್ನು ಉಳಿದದ್ದು ಓನರ ಸಿಟ್ಟು. ಅವನು ಮೆಲ್ಲಗೆ ಆ ಕಡೆ ತಿರುಗಿದ.

ಶಿವಲಕ್ಷ್ಮಮ್ಮ ಸಿಟ್ಟಾಗಿರಲಿಲ್ಲ. ತಲೆಯೆತ್ತಿ ಕೊಂಡಿಯನ್ನೇ ನೋಡುತ್ತಿದ್ದರು.

"ಗಟ್ಟಿ ಐತೇನಪ್ಪ?"

"ಕಲ್ಲಿಗೆ ಒಂಚೂರೂ ಜಗ್ಗಲಿಲ್ಲ ಅಮ್ಮ" ಎಂದ ಜಯಚಂದ್ರ ಉತ್ಸಾಹದಿಂದ. ಸೈಕಲ್ಲಿಗೆ ಒಪ್ಪಿಗೆ ಸಿಕ್ಕೇಬಿಟ್ಟಿತು ಅಂದುಕೊಂಡ. "ಇನ್ನೂ ಅಷ್ಟು ಹಾಕಿದ್ರೂ ತಡೀತದೆ. ಗ್ಯಾರಂಟಿ."

"ಒಳ್ಳೇದಾಯ್ತು. ಶ್ರೀಲತಾ ಹೊಟ್ಟೇಲಿದ್ದಾಗ ನಮ್ಮೆಜಮಾನ್ರು ಇಡಿಸಿದ್ದು. ಅವಳ್ನ ತೂಗಿದ್ದು ಇದಕ್ಕೇ. ಅವಳ ಮಗೂನ ತೂಗೋದೂ ಇದಕ್ಕೇ. ಕೆಳಗೆ ನಮ್ದು ಕಲ್ಲುಚಪ್ಪಡಿ ಸೂರು, ಕೊಂಡಿ ಇಲ್ಲ. ತುಕ್ಕು ತಿಂದೈತೇನೋ, ನಿಂಗೆ ಹೆಂಗೆ ಕೇಳೋದು ಅಂತ ಒಂದು ತಿಂಗ್ಳಿಂದ ಒದ್ದಾಡ್ತಿದ್ದೆ." ಅವರು ಚೌಡಕ್ಕನ ಕಡೆ ತಿರುಗಿದರು. "ತೊಟ್ಲು ಇಲ್ಲೇ ಇರ್ಲಿ ಅಲ್ವಾ ಅಕ್ಕ?"

"ಇರ್ಲಿ ತಾಯಿ. ವಾಪಸ್ ಒಯ್ದರೆ ಅದ್ಕೆ ಇನ್ನೊಂದು ಟಿಕೆಟ್ಟು."

"ಹಗಲೊತ್ತು ಬಾಗಿಲು ತೆಕ್ಕೊಂಡಿರಿ, ಶ್ರೀಲತಾ ಬಂದು ಹೋಗೋಕೆ. ಆ ಸೈಕಲ್ಲು ಎತ್ಕೊ ಕಣಪ್ಪ, ಸೌದೆ ಗಾಡಿ ಬತ್ತೈತೆ."

ಜಯಚಂದ್ರ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮೇಲಕ್ಕೆ ತಂದ. ಸುಷ್ಮಾ ಕಲ್ಯಾಣದುರ್ಗದ ಮಾತೆತ್ತಲಿಲ್ಲ. ಕಲ್ಯಾಣದುರ್ಗವೇ ಬಂದು ಅವಳ ಮಂಚದ ಮೇಲೆ ಮಲಗಿತ್ತು. ಬೀರುವಿಗೂ ತೊಟ್ಟಿಲಿಗೂ ನಡುವೆ ಸೈಕಲ್ಲು ಹೇಗೋ ನಿಂತಿತು. ಕೂರಲು ಇನ್ನೊಂದು ಜಾಗ ಉಳಿದಿರಲಿಲ್ಲವಾದ್ದರಿಂದ ಅವನು ಅದರ ಸೀಟಿನ ಮೇಲೆಯೇ ಕೂತ. ಸುಷ್ಮಾ ಸಕ್ಕರೆಯಿಲ್ಲದ ಟೀ ತಂದುಕೊಟ್ಟಳು.

"ಅಳಿಯಾವ್ರೆ" ಎಂದರು ಚೌಡಕ್ಕ ಮಲಗಿದಲ್ಲಿಂದಲೇ. "ಹೆಂಗೂ ಕೈಗೆ ಸಿಗ್ತದಲ್ಲ, ಆ ತೊಟ್ಲು ಒಂಚೂರು ತೂಗಿ. ಹೊಸದಾಗಿ ಕಟ್ಟಿದ್ದು, ಸುಮ್ನೆ ನಿಲ್ಲಬಾರ್ದು."

ಜಯಚಂದ್ರ ಒಂದು ಕೈಯಲ್ಲಿ ಟೀ ಹಿಡಿದು ಇನ್ನೊಂದು ಕೈಯಲ್ಲಿ ತೂಗಿದ. ಮನೆಯಲ್ಲಿ ಕಾಲು ಚಾಚಿ ಆರಾಮವಾಗಿ ಮಲಗಲು ಜಾಗ ಸಿಕ್ಕಿದ್ದು ಅತ್ತೆಗೆ ಮತ್ತು ಗುಂಡುಕಲ್ಲಿಗೆ ಮಾತ್ರ.