ತಳಕಲ್ ನೆನಪಿನ ಪುಟಗಳ ಹಂಚಿಕೆ

೨೦೦೩ನೇ ಇಸವಿಯ ಜೂನ್ ತಿಂಗಳಿನಿಂದ ತಳಕಲ್ ಗ್ರಾಮಸ್ಥರ ನೆನಪುಗಳು ಕಚೇರಿಯ ಸುಪರ್ದಿಯಲ್ಲಿವೆ. ಇದರಿಂದ ಯಾರಿಗೂ ತೊಂದರೆಯಾದ ವರದಿಯಿಲ್ಲ.

ಯಲಬುರ್ಗಾ ತಾಲ್ಲೂಕಿನ ಒಂದು ಕಚೇರಿಗೆ ಆ ವರ್ಷ ಕಂಪ್ಯೂಟರ್ ಮಂಜೂರಾಯಿತು. ಅದರ ಜೊತೆ ಇಂಗ್ಲಿಷಿನಲ್ಲಿ ಒಂದು ಸೂಚನಾಪತ್ರ ಬಂತು. ಗುಮಾಸ್ತ ಪಂಪಾಪತಿ ಎರಡು ದಿನ ಕೂತು ಅದನ್ನು ಕನ್ನಡಕ್ಕೆ ತಂದರು: ‘ಕರ್ನಲ್‌ನಲ್ಲಿ ನೆನಪಿನ ಪುಟಗಳ ಹಂಚಿಕೆಯನ್ನು ಸುಧಾರಿಸಲಾಗಿದೆ. ಬೇಕಾದ ಪುಟಗಳನ್ನು ಅಕ್ಕಪಕ್ಕದಲ್ಲೇ ಕೊಡತಕ್ಕದ್ದು. ಬಹುಕಾಲ ಮುಟ್ಟದ ಪುಟಗಳನ್ನು ಹೊರಗಿನ ಉಗ್ರಾಣಕ್ಕೆ ಸಾಗಿಸತಕ್ಕದ್ದು.’

ಇಂಗ್ಲಿಷಿನಲ್ಲಿ ಮೊದಲಕ್ಷರ ದೊಡ್ಡದಿದ್ದುದರಿಂದ ಕರ್ನಲ್ ಎಂಬುದು ಊರಿನ ಹೆಸರೆಂದು ಸ್ಪಷ್ಟವಾಗಿತ್ತು. ಆದರೆ ತಾಲ್ಲೂಕಿನಲ್ಲಿ ಆ ಹೆಸರಿನ ಊರಿಲ್ಲ. ಬೆರಳಚ್ಚಿನ ತಪ್ಪೆಂದು ಮನಗಂಡ ಅಧಿಕಾರಿ ಈಶಪ್ಪನವರು ಹಸಿರು ಶಾಯಿಯಲ್ಲಿ ‘ತಳಕಲ್’ ಎಂದು ತಿದ್ದಿ ಸಹಿ ಹಾಕಿದರು.

ತಳಕಲ್‌ನಲ್ಲಿ ಉಪಕಚೇರಿ ತೆರೆಯಲಾಯಿತು. ಊರವರ ನೆನಪುಗಳನ್ನು ಬರೆದಿಡಲು ತೊಂಬತ್ತಾರು ಪುಟಗಳ ಒಂದು ರಜಿಸ್ಟರ್ ಬಂತು. ಕಂಪ್ಯೂಟರನ್ನೂ ಅಲ್ಲಿಗೇ ತಂದು ಕುಂಕುಮ ಹಚ್ಚಿ ಬಟ್ಟೆ ಹೊದಿಸಿ ಮೂಲೆಗಿಟ್ಟರು. ಮೂವತ್ತು ದಿನ ಯಾರೂ ಓದದ ಪುಟವನ್ನು ಕಿತ್ತು ಹಿಟ್ನಾಳದ ಗೋದಾಮಿಗೆ ಕಳಿಸಲಾಗುವುದೆಂದು ಡಂಗುರ ಸಾರಲಾಯಿತು.

ಚಹಾ ಅಂಗಡಿಯ ಉಮರಸಾಬ ಮೊದಲ ದಿನವೇ ಬಂದು ಹದಿನೈದರಿಂದ ನಲವತ್ತರವರೆಗೆ ಇಪ್ಪತ್ತಾರು ಪುಟ ಹಿಡಿದಿಟ್ಟ. ಮೊಮ್ಮಗನ ಮದುವೆಯ ನೆನಪಿಗೆಂದು ಅರ್ಜಿಯಲ್ಲಿ ಬರೆದಿದ್ದ. ಮೊಮ್ಮಗ ಆಗ ಅಂಬೆಗಾಲಿಡುತ್ತಿದ್ದ. ಮುಂಬರುವ ನೆನಪುಗಳಿಗೆ ನಿಷೇಧವಿಲ್ಲದ್ದರಿಂದ ಮಂಜೂರಾಯಿತು. ಖಾಲಿ ಪುಟಗಳನ್ನು ಅವನು ವಾರಕ್ಕೊಮ್ಮೆ ಬಂದು ತಪ್ಪದೆ ಓದಿ ಹೋಗುತ್ತಿದ್ದ.

ಕಳಕಮ್ಮ ಬಂದದ್ದು ತಡವಾಗಿ. ಅವಳ ಗಂಡ ಕೊಟ್ರಪ್ಪ ತೀರಿಕೊಂಡು ವರ್ಷವಾಗಿತ್ತು. ಅವನಿಗೆ ಎರಡು ಪುಟ ಬೇಕೆಂದಳು. ಅವಳು ಹೇಳಿದ್ದನ್ನು ಪಂಪಾಪತಿ ಬರೆದುಕೊಂಡರು. ಆದರೆ ಉಳಿದಿದ್ದ ಪುಟಗಳು ಎರಡೇ, ಹದಿನಾಲ್ಕು ಮತ್ತು ನಲವತ್ತೊಂದು. ‘ಕೊಟ್ರಪ್ಪ ಚಾ ಬಸಿಯೊಳಗ ಹಾಕ್ಕೊಂಡು ಕುಡೀತಿದ್ದ. ಮೊದಲನೇ ಬಸಿ’ ಎಂಬಲ್ಲಿಗೆ ಹದಿನಾಲ್ಕನೇ ಪುಟ ಮುಗಿಯಿತು. ‘ನನಗ ಕೊಡ್ತಿದ್ದ’ ಎಂಬುದು ನಲವತ್ತೊಂದಕ್ಕೆ ಹೋಯಿತು.

ಅಕ್ಕಪಕ್ಕದಲ್ಲಿಲ್ಲದ ನೆನಪು ಊರ್ಜಿತವಲ್ಲ ಎಂದು ಈಶಪ್ಪನವರು ವಿಷಾದದಿಂದ ತಿಳಿಸಿದರು. ಸೋಮವಾರದೊಳಗೆ ಸರಿಪಡಿಸದಿದ್ದರೆ ಎರಡೂ ಪುಟ ಹಿಟ್ನಾಳಕ್ಕೆ ಹೋಗಬೇಕು. ಗಂಡನನ್ನು ಒಂದೇ ಪುಟಕ್ಕೆ ಇಳಿಸಲು ಸಾಧ್ಯವೇ ಎಂದೂ ಕೇಳಿದರು.

“ಒಂದು ಪುಟದಾಗ ಕೂಡೂ ಮನಷ್ಯಾ ಅಲ್ರಿ ಅಂವ,” ಅಂದಳು ಕಳಕಮ್ಮ. “ಬಸ್ಸಿನ್ಯಾಗೂ ಎರಡು ಸೀಟು ಹಿಡೀತಿದ್ದ.”

ಸೋಮವಾರ ಖಾಲಿ ಪುಟ ಓದಲು ಬಂದ ಉಮರಸಾಬ ಈ ಸಂಗತಿ ಕೇಳಿ ಈಶಪ್ಪನವರ ಮೇಜಿನ ಬಳಿ ಬಂದ. ಮಂಜೂರಾದ ಪುಟವನ್ನು ಬೇರೆಯವರಿಗೆ ಬಿಟ್ಟುಕೊಡಲು ನಿಯಮದಲ್ಲಿ ಅವಕಾಶವಿರಲಿಲ್ಲ.

“ಸಾಹೇಬ್ರ, ಕೊಟ್ರಪ್ಪ ಚಾ ಕುಡ್ದದ್ದು ನನ್ನ ಅಂಗಡ್ಯಾಗ,” ಅಂದ. “ಬಸಿ ನಂದು. ಅಂದಮ್ಯಾಲ ನೆನಪೂ ಅರ್ಧಾ ನಂದ ಆತಲ್ರಿ. ಹದಿನೈದನೇ ಪುಟದಾಗ ಬರಕೋರಿ.”

“ಮಮ್ಮಗನ ಲಗ್ನಾ?” ಎಂದು ಪಂಪಾಪತಿ ಕೇಳಿದರು.

“ಒಂದು ಪುಟ ಸಣ್ಣದು ಮಾಡಿದ್ರಾತು. ಬೀಗರನ್ನ ಕಮ್ಮಿ ಕರೀತೀನಿ.”

“ಉಮರಸಾಬಗ ಎರಡನೇ ಬಸಿ ಕೊಡ್ತಿದ್ದ, ಅದನ್ನೂ ಬರೀರಿ,” ಅಂದಳು ಅಲ್ಲೇ ಕೂತಿದ್ದ ಕಳಕಮ್ಮ.

ಈಶಪ್ಪನವರು ಕಡತವನ್ನು ‘ಜಂಟಿ ನೆನಪು’ ಎಂಬ ಹೊಸ ಶೀರ್ಷಿಕೆಯಡಿ ತೆರೆದರು. ಕೊಟ್ರಪ್ಪ ಹದಿನಾಲ್ಕು ಮತ್ತು ಹದಿನೈದನೇ ಪುಟಗಳಲ್ಲಿ ಒಟ್ಟಿಗೆ ಕೂತ. ನಲವತ್ತೊಂದು ಖಾಲಿಯಾಯಿತು.

ಶ್ರಾವಣದಲ್ಲಿ ಕೊಪ್ಪಳದಿಂದ ಯಂಕೇಶನೆಂಬ ಮೆಕ್ಯಾನಿಕ್ ಕಂಪ್ಯೂಟರ್ ನೋಡಲು ಬಂದ. ಸೂಚನಾಪತ್ರ ಓದಿ ಅಲ್ಲೇ ಸ್ಟೂಲಿನ ಮೇಲೆ ಕೂತ. ಕರ್ನಲ್ ಊರಲ್ಲ, ಯಂತ್ರದೊಳಗೆ ಎಲ್ಲ ಕೆಲಸ ನಡೆಸುವ ಮೂಲ ವ್ಯವಸ್ಥೆ. ಪುಟ ಅಂದರೆ ಕಾಗದವಲ್ಲ, ಯಂತ್ರ ತನ್ನ ನೆನಪನ್ನು ಕೆಲಸಗಳಿಗೆ ಹಂಚುವ ತುಂಡು. ಹೀಗೆಂದು ಅವನು ಅರ್ಧ ತಾಸು ವಿವರಿಸಿದ.

ಈಶಪ್ಪನವರು ಸಮಾಧಾನದಿಂದ ಕೇಳಿಸಿಕೊಂಡರು.

“ಇದು ನಿಮ್ಮ ನೆನಪೇನ್ರಿ?”

“ಹೌದ್ರಿ. ಟ್ರೇನಿಂಗ್‌ನ್ಯಾಗ ಹೇಳಿದ್ದು, ಛಲೋ ನೆನಪೈತಿ.”

ಅವನ ಹೇಳಿಕೆಗೆ ನಲವತ್ತೊಂದನೇ ಪುಟದಲ್ಲಿ ಅರ್ಧ ಭಾಗ ಮಂಜೂರಾಯಿತು. ಮೂವತ್ತು ದಿನ ಅದನ್ನು ಯಾರೂ ಓದಲಿಲ್ಲ. ಮೂವತ್ತೊಂದನೇ ದಿನ ನಿಯಮಾನುಸಾರ ಅದು ಹಿಟ್ನಾಳಕ್ಕೆ ಹೋಯಿತು.

ದೀಪಾವಳಿಯ ಹೊತ್ತಿಗೆ ಯಂಕೇಶ ಮತ್ತೆ ಬಂದ. ಅವನ ಪುಟ ಗೋದಾಮಿನಲ್ಲಿದೆಯೆಂದು ತಿಳಿಸಲಾಯಿತು. ಅಂದು ಸೋಮವಾರ, ಊರವರು ಕೂಡಿ ಕೊಟ್ರಪ್ಪನ ಪುಟಗಳನ್ನು ಕೇಳುವ ದಿನ. ಪಂಪಾಪತಿ ಓದುತ್ತಿದ್ದರು, ಕಟ್ಟೆಯ ತುಂಬ ಜನ ಕೂತು ಕೇಳುತ್ತಿದ್ದರು. ‘ಮೊದಲನೇ ಬಸಿ’ ಎಂದು ಅವರು ಪುಟ ತಿರುವುವಷ್ಟರಲ್ಲಿ ಉಳಿದದ್ದನ್ನು ಎಲ್ಲರೂ ಕೂಡಿ ಹೇಳಿದರು.

ಯಂಕೇಶ ಓದು ಮುಗಿಯುವವರೆಗೆ ಕಟ್ಟೆಯ ತುದಿಯಲ್ಲಿ ಕೂತ. ಆಮೇಲೆ ತೀರಿಹೋದ ತನ್ನ ಅಜ್ಜಿ ಯಂಕವ್ವನಿಗೆ ಒಂದು ಪುಟ ಸಿಗುವುದೇ ಎಂದು ಕೇಳಿ, ಅರ್ಜಿ ನಮೂನೆ ತುಂಬಿದ. ನಲವತ್ತೊಂದನೇ ಪುಟವಿದ್ದ ಜಾಗಕ್ಕೆ ಹೊಸ ಹಾಳೆ ಅಂಟಿಸಲು ಆದೇಶವಾಯಿತು.

ಕುಷ್ಟಗಿ ಮತ್ತು ಗಂಗಾವತಿಗೂ ಈ ಯೋಜನೆ ವಿಸ್ತರಿಸುವ ಪ್ರಸ್ತಾವನೆ ಹೋಗಿದೆ. ಕಂಪ್ಯೂಟರ್ ಸುಸ್ಥಿತಿಯಲ್ಲಿದೆ. ಪ್ರತಿ ಸೋಮವಾರ ಓದು ಮುಗಿದ ಮೇಲೆ ಉಮರಸಾಬ ಚಹಾ ತರುತ್ತಾನೆ. ಹೊಸದಾಗಿ ಸೇರಿಸಿದ ನಿಯಮ ಒಂಬತ್ತರ ಪ್ರಕಾರ ಮೊದಲನೇ ಬಸಿ ಕಳಕಮ್ಮನಿಗೆ.